ಬೇಸಿಗೆ ಹಣ್ಣಿನ ಕಾಬ್ಲರ್: ರಸದ ಹದ ಹಿಡಿದರೆ ಸಾಕು

ನಾನು ಮೊದಲ ಸಲ ಕಾಬ್ಲರ್, ಅಂದರೆ ಹಣ್ಣಿನ ಮೇಲೆ ಹಿಟ್ಟು ಹಾಕಿ ಓವನ್‌ನಲ್ಲಿ ಬೇಯಿಸುವ ಸಿಹಿ, ಮಾಡಿದಾಗ ಮೇಲಿನ ಪದರ ನೋಡಲು ತುಂಬಾ ಚೆನ್ನಾಗಿ ಬಂದಿತ್ತು. ಹೊಂಬಣ್ಣ, ಅಲ್ಲಲ್ಲಿ ಬಿರುಕು, ಆ ಬಿರುಕಿನಲ್ಲಿ ಇಣುಕುವ ಕೆಂಪು ಪ್ಲಮ್. ಆದರೆ ಚಮಚ ಹಾಕಿದರೆ ಕೆಳಗೆಲ್ಲ ನೀರು. ತಿಳಿಯಾದ ರಸದಲ್ಲಿ ಹಣ್ಣಿನ ಹೋಳುಗಳು ತೇಲುತ್ತಿದ್ದವು. ಮೇಲಿನ ಹಿಟ್ಟನ್ನು ಮಗುಚಿ ನೋಡಿದರೆ ಅದರ ತಳ ಇನ್ನೂ ಹಸಿ. ಅಳತೆ ತಪ್ಪಿರಲಿಲ್ಲ, ಓವನ್ ಕೂಡ ಸರಿಯಾಗಿಯೇ ಇತ್ತು. ಹಣ್ಣು ಎಷ್ಟು ರಸ ಬಿಡುತ್ತದೆ ಎಂದು ಮಾತ್ರ ನಾನು ಯೋಚಿಸಿರಲಿಲ್ಲ.

ಅದಾದ ಮೇಲೆ ಎಷ್ಟೋ ಬೇಸಿಗೆಗಳಲ್ಲಿ ಎಷ್ಟೋ ಕಾಬ್ಲರ್ ಮಾಡಿದ್ದೇನೆ. ಬೇಕಿಂಗ್‌ನಲ್ಲಿ ಇದಕ್ಕಿಂತ ಸುಲಭವಾದ ಸಿಹಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೊಟ್ಟೆ ಬೇಡ, ಬೀಟರ್ ಬೇಡ, ಲಟ್ಟಣಿಗೆ ಬೇಡ, ಅಲಂಕಾರ ಬೇಡ. ರಸವೊಂದನ್ನು ಸಂಭಾಳಿಸಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ಹಾಗಾಗಿ ಈ ಬರಹದ ಉದ್ದಕ್ಕೂ ಮತ್ತೆ ಮತ್ತೆ ರಸದ ಮಾತೇ ಬರುತ್ತದೆ.

ಕಾಬ್ಲರ್ ಅಂದರೆ ಏನು

ಪಾತ್ರೆಯ ತಳದಲ್ಲಿ ಸಕ್ಕರೆ ಬೆರೆಸಿದ ಹಣ್ಣು, ಮೇಲೆ ಮೈದಾ ಮತ್ತು ಬೆಣ್ಣೆಯ ಮೆತ್ತನೆಯ ಹಿಟ್ಟು. ಎರಡೂ ಒಟ್ಟಿಗೆ ಓವನ್‌ನಲ್ಲಿ ಬೇಯುತ್ತವೆ, ಅಷ್ಟೇ. ಇದು ಅಮೆರಿಕದಲ್ಲಿ ಹುಟ್ಟಿದ ತಿನಿಸು. ಬ್ರಿಟನ್‌ನಿಂದ ಅಲ್ಲಿಗೆ ಹೋಗಿ ನೆಲೆಸಿದವರು, ಸರಿಯಾದ ಒಲೆ ಮತ್ತು ಸಲಕರಣೆ ಇಲ್ಲದ ಕಡೆ, ಇದ್ದ ಹಣ್ಣಿನ ಮೇಲೆ ಇದ್ದ ಹಿಟ್ಟನ್ನು ಹಾಕಿ ಬೇಯಿಸಿಕೊಂಡರು. ಕೆಂಡದ ಮೇಲಿಟ್ಟ ಮುಚ್ಚಳದ ಕಬ್ಬಿಣದ ಪಾತ್ರೆಯಲ್ಲೂ ಇದು ಆಗುತ್ತಿತ್ತು. ಪೈ ಮಾಡುವುದಾದರೆ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ತಳಕ್ಕೆ ಹಾಸಬೇಕು. ಕಾಬ್ಲರ್‌ಗೆ ಆ ಕಷ್ಟವಿಲ್ಲ, ತಳದಲ್ಲಿ ಹಿಟ್ಟೇ ಇರುವುದಿಲ್ಲ.

ಕ್ರಂಬಲ್ ಮತ್ತು ಕ್ರಿಸ್ಪ್ ಇದರ ಹತ್ತಿರದ ನೆಂಟರು. ಅವುಗಳ ಮೇಲೆ ಬೆಣ್ಣೆ, ಹಿಟ್ಟು, ಸಕ್ಕರೆಯ ಒಣ ಪುಡಿ ಉದುರಿಸುತ್ತಾರೆ. ಕ್ರಿಸ್ಪ್‌ಗೆ ಸಾಮಾನ್ಯವಾಗಿ ಓಟ್ಸ್ ಕೂಡ ಸೇರುತ್ತದೆ. ಕಾಬ್ಲರ್‌ನ ಹಿಟ್ಟು ಹಾಗಲ್ಲ. ಅದು ಹಾಲು ಅಥವಾ ಮೊಸರಿನಲ್ಲಿ ಕಲಸಿದ್ದು, ಉಬ್ಬುವಂಥದ್ದು. ಅಮೆರಿಕದವರು ಇದನ್ನು ಬಿಸ್ಕೆಟ್ ಹಿಟ್ಟು ಅನ್ನುತ್ತಾರೆ. ಆದರೆ ಗರಿಗರಿ ಬಿಸ್ಕೆಟ್‌ಗೂ ಇದಕ್ಕೂ ಸಂಬಂಧವಿಲ್ಲ. ಸ್ಕೋನ್ ತಿಂದವರಿಗೆ ಗೊತ್ತಾಗುತ್ತದೆ: ಹೊರಗೆ ಸ್ವಲ್ಪ ಗಟ್ಟಿ, ಒಳಗೆ ಮೆತ್ತಗೆ.

ಯಾವ ಹಣ್ಣು, ಎಂಥ ಹಣ್ಣು

ಇಲ್ಲಿ ಸ್ವಲ್ಪ ನಿಧಾನಿಸೋಣ. ಮೇಲಿನ ಹಿಟ್ಟು ಪ್ರತಿ ಸಲವೂ ಒಂದೇ. ಬದಲಾಗುವುದು ಹಣ್ಣು ಮಾತ್ರ.

ಪೀಚ್ ಕಾಬ್ಲರ್‌ಗೇ ಹುಟ್ಟಿದ ಹಣ್ಣು ಅನ್ನಿಸುತ್ತದೆ. ಬೆಂದರೂ ಹೋಳು ಹೋಳಾಗಿ ನಿಲ್ಲುತ್ತದೆ, ರಸವೂ ಧಾರಾಳ. ತೊಟ್ಟಿನ ಹತ್ತಿರ ಮೂಗಿಟ್ಟರೆ ಪರಿಮಳ ಬರಬೇಕು. ಮೆಲ್ಲಗೆ ಒತ್ತಿದರೆ ತುಸು ಬಾಗಬೇಕು, ಹಳ್ಳ ಬೀಳಬಾರದು. ಹಳದಿ ತಿರುಳಿನ ಪೀಚ್‌ನಲ್ಲಿ ಹುಳಿ ಮತ್ತು ಸಿಹಿ ಎರಡೂ ಇರುತ್ತವೆ. ಬಿಳಿ ತಿರುಳಿನದ್ದರಲ್ಲಿ ಹುಳಿ ಕಡಿಮೆ, ಹಾಗಾಗಿ ಅದಕ್ಕೆ ನಿಂಬೆರಸ ಜಾಸ್ತಿ ಬೇಕು. ನೆಕ್ಟರಿನ್ ಅಂದರೆ ನವಿರು ರೋಮವಿಲ್ಲದ ಪೀಚ್. ಅದರ ಸಿಪ್ಪೆ ಸುಲಿಯುವ ಕೆಲಸವೂ ಇಲ್ಲ. ಅವಸರದ ದಿನ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

ಪ್ಲಮ್‌ನ ಹುಳಿ ಇರುವುದು ಹೆಚ್ಚಾಗಿ ಸಿಪ್ಪೆಯಲ್ಲಿ. ಕಾಬ್ಲರ್‌ಗೆ ಆ ಗಾಢ ಕೆಂಪು ಬಣ್ಣ ಬರುವುದೂ ಅಲ್ಲಿಂದಲೇ. ದಯವಿಟ್ಟು ಸುಲಿಯಬೇಡಿ. ಬದಲಿಗೆ ಸಕ್ಕರೆ ಎರಡು ಚಮಚ ಹೆಚ್ಚು ಹಾಕಿ. ಏಪ್ರಿಕಾಟ್ ಹಸಿಯಾಗಿ ತಿಂದಾಗ ಸಿಹಿ ಅನ್ನಿಸಿದರೂ ಬೆಂದ ಮೇಲೆ ಹುಳಿಯಾಗಿ ಅನ್ನಿಸುತ್ತದೆ. ಅದಕ್ಕೂ ಇದೇ ಮಾತು.

ಚೆರ್ರಿಯಲ್ಲಿ ಎರಡು ಬಗೆ. ಹುಳಿ ಚೆರ್ರಿ ಸಿಕ್ಕರೆ ಬಿಡಬೇಡಿ, ಅದರ ಕಾಬ್ಲರ್‌ನ ರುಚಿಯೇ ಬೇರೆ. ಸಿಹಿ ಚೆರ್ರಿಯಾದರೆ ಸಕ್ಕರೆ ಕಡಿಮೆ, ನಿಂಬೆ ಜಾಸ್ತಿ. ಬೀಜ ತೆಗೆಯುವ ಸಾಧನ ಇಲ್ಲದಿದ್ದರೆ ಗಟ್ಟಿ ಸ್ಟ್ರಾ ಒಂದನ್ನು ತೊಟ್ಟಿನ ಕಡೆಯಿಂದ ಚುಚ್ಚಿ ತಳ್ಳಿ, ಬೀಜ ಆಚೆ ಬರುತ್ತದೆ. ರಸ ಚಿಮ್ಮುತ್ತದೆ, ಬಿಳಿ ಬಟ್ಟೆ ಹಾಕಿಕೊಂಡು ಈ ಕೆಲಸಕ್ಕೆ ಕೂರಬೇಡಿ. ತೆಗೆದ ಬೀಜಗಳನ್ನು ಎಣಿಸಿಕೊಂಡರೆ ಒಳ್ಳೆಯದು. ಕಾಬ್ಲರ್‌ನಲ್ಲಿ ಒಂದು ಬೀಜ ಉಳಿದರೂ ತಿನ್ನುವವರ ಹಲ್ಲಿಗೆ ಅಪಾಯ.

ಬ್ಲೂಬೆರಿಗೆ ಹೆಚ್ಚುವ ಕೆಲಸವೇ ಇಲ್ಲ. ಅದರಲ್ಲಿ ಪೆಕ್ಟಿನ್ ಇರುವುದರಿಂದ ತಣ್ಣಗಾದಾಗ ರಸ ತಾನೂ ಸ್ವಲ್ಪ ಗಟ್ಟಿಯಾಗುತ್ತದೆ. ಇಡೀ ಹಣ್ಣಿನೊಳಗಿನ ರಸ ಬೇಗ ಹೊರಗೆ ಬರುವುದಿಲ್ಲ. ಅದಕ್ಕೇ ಮೂರರಲ್ಲಿ ಒಂದು ಪಾಲನ್ನು ಕೈಯಲ್ಲಿ ಹಿಚುಕಿ ಹಾಕಿ. ಬ್ಲ್ಯಾಕ್‌ಬೆರಿ, ರಾಸ್ಪ್‌ಬೆರಿ ಕೂಡ ಚೆನ್ನ. ಸ್ಟ್ರಾಬೆರಿಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಬೆಂದಾಗ ಮೆತ್ತಗಾಗಿ ಕುಸಿಯುತ್ತದೆ, ಬಣ್ಣ ಮಾಸುತ್ತದೆ, ನೀರು ತುಂಬಾ ಬಿಡುತ್ತದೆ. ಒಂಟಿಯಾಗಿ ಬೇಡ, ಪೀಚ್ ಅಥವಾ ಬ್ಲೂಬೆರಿಯ ಜೊತೆ ಕಾಲು ಪಾಲು ಇದ್ದರೆ ಚಂದ.

ಮಾವು ಕೂಡ ಆಗುತ್ತದೆ. ಆದರೆ ಪೂರ್ತಿ ಕಳಿತ ಹಣ್ಣು ಬೇಡ. ಕತ್ತರಿಸಿದರೆ ಹೋಳು ನಿಲ್ಲುವಷ್ಟು ಗಟ್ಟಿ ಇರಬೇಕು. ತಿರುಳು ದಟ್ಟ, ರಸ ಕಡಿಮೆ, ಹಾಗಾಗಿ ಕಾರ್ನ್‌ಫ್ಲೋರ್ ಅರ್ಧ ಸಾಕು. ಸಿಹಿಯೊಂದೇ ಮುಂದಾಗಿ ಮುಖ ಹೊಡೆಯದ ಹಾಗೆ ನಿಂಬೆರಸ ಎರಡು ಪಟ್ಟು ಹಾಕಿ. ಕಲ್ಲಂಗಡಿ, ಕರ್ಬೂಜ ಯಾವತ್ತೂ ಬೇಡ. ಅವು ಹೆಚ್ಚುಕಡಿಮೆ ಪೂರ್ತಿ ನೀರು, ಬೆಂದರೆ ಏನೂ ಉಳಿಯುವುದಿಲ್ಲ.

ಇನ್ನೊಂದು ವಿಷಯ. ಪೀಚ್, ಪ್ಲಮ್, ಏಪ್ರಿಕಾಟ್, ಮಾವು ಕಿತ್ತ ಮೇಲೂ ಮಾಗುತ್ತವೆ. ಗಟ್ಟಿ ಇದ್ದರೆ ಎರಡು ದಿನ ಹೊರಗಿಡಿ, ಕಾಗದದ ಚೀಲದಲ್ಲಿ ಸುತ್ತಿಟ್ಟರೆ ಇನ್ನೂ ಬೇಗ. ಹಣ್ಣು ಬಿಡುವ ಎಥಿಲೀನ್ ಅನಿಲ ಚೀಲದೊಳಗೇ ಉಳಿದು ಮಾಗುವುದನ್ನು ಚುರುಕುಗೊಳಿಸುತ್ತದೆ. ಚೆರ್ರಿ, ಸ್ಟ್ರಾಬೆರಿ, ರಾಸ್ಪ್‌ಬೆರಿ ಹಾಗಲ್ಲ. ಕೊಂಡಾಗ ಇದ್ದ ಸಿಹಿಗಿಂತ ಹೆಚ್ಚು ಸಿಹಿ ಅವಕ್ಕೆ ಮನೆಯಲ್ಲಿ ಬರುವುದಿಲ್ಲ. ಸಪ್ಪೆ ಇದ್ದರೆ ಸಪ್ಪೆಯೇ.

ಬೇಕಾದ ಸಾಮಾನು

ಆರರಿಂದ ಎಂಟು ಜನಕ್ಕೆ ಲೆಕ್ಕ ಹೇಳುತ್ತೇನೆ. ಸಾಧ್ಯವಾದರೆ ತೂಕದ ಯಂತ್ರ ಬಳಸಿ. ಕಪ್‌ನಲ್ಲಿ ಮೈದಾವನ್ನು ಒತ್ತಿ ತುಂಬುವುದಕ್ಕೂ ಹಗುರವಾಗಿ ತುಂಬುವುದಕ್ಕೂ ತುಂಬಾ ವ್ಯತ್ಯಾಸ ಬರುತ್ತದೆ. ಹಗುರವಾಗಿ ತುಂಬಿದ 240 ಮಿಲಿ ಕಪ್‌ಗೆ ಸುಮಾರು 125 ಗ್ರಾಂ ಮೈದಾ ಹಿಡಿಯುತ್ತದೆ. ದೊಡ್ಡ ಚಮಚ ಅಂದರೆ 15 ಮಿಲಿ, ಟೀ ಚಮಚ ಅಂದರೆ 5 ಮಿಲಿ.

ಹಣ್ಣಿನ ಪದರಕ್ಕೆ:
ಹೆಚ್ಚಿದ ಹಣ್ಣು 1 ಕಿಲೋ (ಬೀಜ ಮತ್ತು ಸಿಪ್ಪೆ ಹೋಗುವುದರಿಂದ ಇಡೀ ಹಣ್ಣು ಸುಮಾರು 1.25 ಕಿಲೋ ಬೇಕು)
ಸಕ್ಕರೆ 100ರಿಂದ 150 ಗ್ರಾಂ
ಕಾರ್ನ್‌ಫ್ಲೋರ್ 2 ದೊಡ್ಡ ಚಮಚ
ನಿಂಬೆರಸ 1 ದೊಡ್ಡ ಚಮಚ
ಉಪ್ಪು ಒಂದು ಚಿಟಿಕೆ

ಮೇಲಿನ ಹಿಟ್ಟಿಗೆ:
ಮೈದಾ 200 ಗ್ರಾಂ
ಸಕ್ಕರೆ 40 ಗ್ರಾಂ
ಬೇಕಿಂಗ್ ಪೌಡರ್ 2 ಟೀ ಚಮಚ
ಅಡುಗೆ ಸೋಡಾ ಕಾಲು ಟೀ ಚಮಚ
ಉಪ್ಪು ಅರ್ಧ ಟೀ ಚಮಚ
ಫ್ರಿಜ್‌ನಿಂದ ಆಗಷ್ಟೇ ತೆಗೆದ ಬೆಣ್ಣೆ 85 ಗ್ರಾಂ
ಗಟ್ಟಿ ಮೊಸರು 120 ಗ್ರಾಂ ಮತ್ತು ಹಾಲು 50 ಮಿಲಿ, ಎರಡೂ ತಣ್ಣಗಿರಬೇಕು

ಬೆಣ್ಣೆಯಲ್ಲಿ ಉಪ್ಪಿದ್ದರೆ ಹಿಟ್ಟಿಗೆ ಹಾಕುವ ಉಪ್ಪನ್ನು ಒಂದು ಚಿಟಿಕೆಗೆ ಇಳಿಸಿ. ಬೇಕಿಂಗ್ ಪೌಡರ್ ಹಳೆಯದಾಗಿದ್ದರೆ ಒಂದು ಚಮಚ ತೆಗೆದು ಬಿಸಿನೀರಿಗೆ ಹಾಕಿ ನೋಡಿ. ಬುಸ್ಸೆಂದು ನೊರೆ ಬಂದರೆ ಬಳಸಬಹುದು. ಸುಮ್ನೆ ಮುಳುಗಿ ಕೂತರೆ ಹೊಸದು ತನ್ನಿ.

ಪಾತ್ರೆ ಎರಡು ಲೀಟರ್ ಹಿಡಿಯುವಂಥದ್ದು, ಕನಿಷ್ಠ 5 ಸೆಂಟಿಮೀಟರ್ ಆಳದ್ದು ಇರಲಿ. ಸೆರಾಮಿಕ್, ಓವನ್‌ಗೆ ಹಾಕಬಹುದಾದ ಗಾಜು, ಎನಾಮಲ್ ಲೇಪಿಸಿದ ಕಬ್ಬಿಣ, ಯಾವುದಾದರೂ ಸರಿ. ಲೇಪನವಿಲ್ಲದ ಅಲ್ಯೂಮಿನಿಯಂ ಬೇಡ. ಹಣ್ಣಿನ ಹುಳಿಗೆ ಅದು ಲೋಹದ ರುಚಿ ಬಿಡುತ್ತದೆ. ಗಾಜಿನ ಪಾತ್ರೆಯನ್ನು ಫ್ರಿಜ್‌ನಿಂದ ತೆಗೆದು ನೇರ ಬಿಸಿ ಓವನ್‌ಗೆ ಇಡಬೇಡಿ, ಒಡೆದೀತು.

ಹಣ್ಣು ಸಿದ್ಧ ಮಾಡುವುದು

ಮೊದಲು ಓವನ್ ಹಚ್ಚಿ. 190 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಕನಿಷ್ಠ 15 ನಿಮಿಷ ಕಾಯಲು ಬಿಡಿ. ಫ್ಯಾನ್ ತಿರುಗುವ ಕನ್ವೆಕ್ಷನ್ ಆದರೆ 170 ಸಾಕು.

ಪೀಚ್ ಸಿಪ್ಪೆ ಸುಲಿಯಲು ಚಾಕುವಿನ ಜೊತೆ ಗುದ್ದಾಡಬೇಕಿಲ್ಲ. ಹಣ್ಣಿನ ತಳದಲ್ಲಿ ಕೂಡಿಸುವ ಗುರುತಿನ ಹಾಗೆ ತೆಳುವಾಗಿ ಗೀರಿ. ಕುದಿಯುವ ನೀರಿಗೆ ಹಾಕಿ 30ರಿಂದ 60 ಸೆಕೆಂಡ್ ಬಿಡಿ. ತೆಗೆದು ಐಸ್ ನೀರಿಗೆ ಹಾಕಿ. ಗೀರಿದ ಕಡೆಯಿಂದ ಹಿಡಿದೆಳೆದರೆ ಸಿಪ್ಪೆ ಜಾರಿಕೊಂಡು ಬರುತ್ತದೆ. ಬರಲಿಲ್ಲ ಅಂದರೆ ಹಣ್ಣು ಇನ್ನೂ ಮಾಗಿಲ್ಲ ಎಂದರ್ಥ. ಸಿಪ್ಪೆ ಸಮೇತ ಮಾಡಿದರೂ ತಪ್ಪೇನಿಲ್ಲ, ಬಾಯಿಗೆ ಸ್ವಲ್ಪ ನಾರು ಸಿಗುತ್ತದೆ ಅಷ್ಟೇ.

ಹೋಳು ಒಂದೂವರೆ ಸೆಂಟಿಮೀಟರ್ ದಪ್ಪ ಇರಲಿ. ತೆಳ್ಳಗೆ ಹೆಚ್ಚಿದರೆ ಕರಗಿ ಜಾಮ್ ಆಗುತ್ತದೆ. ಕೆಲವು ಪೀಚ್‌ಗಳಲ್ಲಿ ಬೀಜ ಸಲೀಸಾಗಿ ಬಿಡುತ್ತದೆ, ಕೆಲವುಗಳಲ್ಲಿ ತಿರುಳಿಗೆ ಅಂಟಿಕೊಂಡೇ ಇರುತ್ತದೆ. ಅಂಟಿಕೊಂಡಿದ್ದರೆ ಬೀಜದ ಸುತ್ತ ಹೋಳು ಹೋಳಾಗಿ ಕೊಯ್ದು ತೆಗೆಯಿರಿ, ತಿರುಚಲು ಹೋದರೆ ಹಣ್ಣು ಹಿಚುಕಿಹೋಗುತ್ತದೆ.

ಈಗ ಒಂದು ಹೋಳು ಬಾಯಿಗೆ ಹಾಕಿಕೊಳ್ಳಿ. ಇದು ಹೊಟ್ಟೆಬಾಕತನಕ್ಕೆ ಹೇಳುತ್ತಿರುವುದಲ್ಲ. ಸಕ್ಕರೆ ಎಷ್ಟು ಎಂಬುದನ್ನು ನಾಲಿಗೆಯೇ ಹೇಳಬೇಕು. ಹಣ್ಣು ಸಿಹಿಯಾಗಿದ್ದರೆ 100 ಗ್ರಾಂ, ಹುಳಿಯಾಗಿದ್ದರೆ 150. ಯಾವ ರೆಸಿಪಿ ಬರೆದವರೂ ನಿಮ್ಮ ಕೈಯಲ್ಲಿರುವ ಹಣ್ಣನ್ನು ತಿಂದು ನೋಡಿರುವುದಿಲ್ಲ, ಅಲ್ವಾ?

ಅಗಲ ಬಟ್ಟಲಿನಲ್ಲಿ ಹಣ್ಣು, ಸಕ್ಕರೆ, ನಿಂಬೆರಸ, ಉಪ್ಪು ಹಾಕಿ ಮೆಲ್ಲಗೆ ಬೆರೆಸಿ. ಅರ್ಧ ಗಂಟೆ ಬಿಡಿ. ಸಕ್ಕರೆ ಹಣ್ಣಿನೊಳಗಿನ ನೀರನ್ನು ಹೊರಗೆಳೆಯುತ್ತದೆ. ತಳದಲ್ಲಿ ಎಷ್ಟು ರಸ ಸೇರಿದೆ ನೋಡಿ. ನನ್ನ ಮೊದಲ ಕಾಬ್ಲರ್‌ನಲ್ಲಿ ನಾನು ಬಿಟ್ಟಿದ್ದು ಈ ಹೆಜ್ಜೆಯನ್ನೇ. ಹಣ್ಣು ಓವನ್‌ನೊಳಗೆ ಬಿಡಬಹುದಾದ ರಸದಲ್ಲಿ ಒಂದಿಷ್ಟು ಇಲ್ಲೇ ಕಣ್ಣಿಗೆ ಕಾಣುತ್ತದೆ. ಅರ್ಧ ಕಪ್‌ನ ಒಳಗಿದ್ದರೆ ಹಾಗೇ ಮುಂದುವರಿಯಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ರಸವನ್ನು ಸೋಸಿ ಚಿಕ್ಕ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಆರಿಸಿ, ಮತ್ತೆ ಹಣ್ಣಿಗೆ ಸೇರಿಸಿ. ಈ ರಸವನ್ನು ಚೆಲ್ಲಬೇಡಿ. ಹಣ್ಣಿನ ಪರಿಮಳವೆಲ್ಲ ಅದರಲ್ಲೇ ಇದೆ. ಕುದಿಸಿದರೆ ನೀರು ಹೋಗಿ ರುಚಿ ಉಳಿಯುತ್ತದೆ.

ಕೊನೆಗೆ ಕಾರ್ನ್‌ಫ್ಲೋರ್. ಅದನ್ನು ಎರಡು ಚಮಚ ಆರಿದ ರಸದಲ್ಲಿ ಕದಡಿ, ಗಂಟಿಲ್ಲದಂತೆ ಮಾಡಿ, ಆಮೇಲೆ ಹಣ್ಣಿಗೆ ಹಾಕಿ. ಬೆರಿಹಣ್ಣುಗಳೇ ಹೆಚ್ಚಿದ್ದರೆ ಅಥವಾ ಹಣ್ಣು ತುಂಬಾ ಕಳಿತಿದ್ದರೆ ಮೂರು ದೊಡ್ಡ ಚಮಚ. ಕಾರ್ನ್‌ಫ್ಲೋರ್ ಬದಲು ಮೈದಾ ಹಾಕುವುದಾದರೆ ಎರಡು ಪಟ್ಟು ಬೇಕು, ರಸ ಸ್ವಲ್ಪ ಮಬ್ಬಾಗಿ ಕಾಣುತ್ತದೆ.

ಪರಿಮಳಕ್ಕೆ ಏನಾದರೂ ಬೇಕಿದ್ದರೆ ಈಗಲೇ. ಪೀಚ್‌ಗೆ ದಾಲ್ಚಿನ್ನಿ ಪುಡಿ ಕಾಲು ಚಮಚ, ಪ್ಲಮ್‌ಗೆ ಹೆರೆದ ಹಸಿ ಶುಂಠಿ, ಬ್ಲೂಬೆರಿಗೆ ನಿಂಬೆ ಸಿಪ್ಪೆಯ ತುರಿ. ಚೆರ್ರಿಗೆ ಬಾದಾಮಿ ಎಸೆನ್ಸ್ ಎರಡೇ ಹನಿ. ಚೆರ್ರಿ, ಪೀಚ್, ಪ್ಲಮ್, ಏಪ್ರಿಕಾಟ್, ಬಾದಾಮಿ ಎಲ್ಲವೂ ಪ್ರೂನಸ್ ಎಂಬ ಒಂದೇ ಕುಲದ ಗಿಡಗಳು. ಹಾಗಾಗಿ ಅವು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ಎಲ್ಲ ಮಸಾಲೆಯನ್ನೂ ಒಟ್ಟಿಗೆ ಸುರಿಯಬೇಡಿ. ಒಳ್ಳೆಯ ಹಣ್ಣಿಗೆ ಏನೂ ಬೇಡ.

ಹಣ್ಣನ್ನು ಮೊದಲು ಒಂಟಿಯಾಗಿ ಬೇಯಿಸಿ

ಹಣ್ಣನ್ನು ಪಾತ್ರೆಗೆ ಸುರಿದು, ಹಿಟ್ಟು ಹಾಕದೆ, ಹಾಗೇ ಓವನ್‌ಗೆ ಇಡಿ. ಕೆಳಗೆ ಒಂದು ಟ್ರೇ ಇಟ್ಟಿರಿ, ರಸ ಉಕ್ಕಿದರೆ ಓವನ್ ತಳಕ್ಕೆ ಬಿದ್ದು ಸೀಯುವುದು ತಪ್ಪುತ್ತದೆ. 15 ನಿಮಿಷ ಬೇಯಲಿ, ಗಟ್ಟಿ ಪೀಚ್ ಆದರೆ 20. ಅಂಚಿನಲ್ಲಿ ಸಣ್ಣ ಗುಳ್ಳೆ ಏಳಲು ಶುರುವಾಗಬೇಕು.

ಎಷ್ಟೋ ರೆಸಿಪಿಗಳಲ್ಲಿ ಈ ಹೆಜ್ಜೆ ಇರುವುದಿಲ್ಲ. ತಣ್ಣನೆಯ ಹಣ್ಣಿನ ಮೇಲೇ ಹಿಟ್ಟು ಹಾಕಿ ಒಟ್ಟಿಗೆ ಬೇಯಿಸಿ ಅನ್ನುತ್ತಾರೆ. ನಾನು ಎರಡೂ ರೀತಿ ಮಾಡಿ ನೋಡಿದ್ದೇನೆ, ಇದನ್ನು ಬಿಡುವ ಮಾತೇ ಇಲ್ಲ. ಹಣ್ಣು ತಣ್ಣಗಿದ್ದರೆ ಹಿಟ್ಟಿನ ಮೇಲ್ಭಾಗಕ್ಕೆ ಓವನ್‌ನ ಶಾಖ ತಾಗುತ್ತದೆ, ತಳಕ್ಕೆ ತಾಗುವುದಿಲ್ಲ. ಮೇಲೆ ಕಂದು ಬಣ್ಣ ಬಂದಾಗಲೂ ಕೆಳಗೆ ಹಸಿ. ಹಣ್ಣು ಕುದಿಯುವಷ್ಟು ಬಿಸಿ ಇದ್ದರೆ ಹಿಟ್ಟು ಬಿದ್ದ ಕ್ಷಣದಿಂದಲೇ ಅದರ ಹಬೆಯಲ್ಲಿ ತಳವೂ ಬೇಯಲು ಶುರುವಾಗುತ್ತದೆ.

ಹಣ್ಣು ಓವನ್‌ನಲ್ಲಿರುವ ಹೊತ್ತಿನಲ್ಲೇ ಹಿಟ್ಟು ಕಲಸಿಕೊಳ್ಳಿ. ಮೊದಲೇ ಕಲಸಿಡಬೇಡಿ. ಅಡುಗೆ ಸೋಡಾ ಮೊಸರಿನ ಹುಳಿ ತಾಗಿದ ತಕ್ಷಣ ಗಾಳಿ ಬಿಡಲು ಶುರುಮಾಡುತ್ತದೆ. ಹೊತ್ತಾದಷ್ಟೂ ಉಬ್ಬುವ ಶಕ್ತಿ ಕಡಿಮೆ.

ಹಿಟ್ಟು

ಮೈದಾ, ಸಕ್ಕರೆ, ಬೇಕಿಂಗ್ ಪೌಡರ್, ಸೋಡಾ, ಉಪ್ಪು ಒಟ್ಟಿಗೆ ಜರಡಿ ಹಿಡಿಯಿರಿ. ಸೋಡಾ ಗಂಟುಕಟ್ಟಿ ಉಳಿದರೆ ತಿನ್ನುವಾಗ ಅಲ್ಲಿ ಸೋಪಿನ ರುಚಿ. ಬ್ಲೂಬೆರಿ ಇದ್ದರೆ ಇನ್ನೊಂದು ತಮಾಷೆ ನಡೆಯುತ್ತದೆ. ಆ ಹಣ್ಣಿನ ಬಣ್ಣಕ್ಕೆ ಕಾರಣವಾದ ಆಂಥೋಸಯಾನಿನ್ ಹುಳಿಯಲ್ಲಿ ಕೆಂಪಾಗಿ, ಸೋಡಾ ಹೆಚ್ಚಾದ ಕಡೆ ನೀಲಿ ಅಥವಾ ಹಸಿರಾಗಿ ತಿರುಗುತ್ತದೆ. ಹಿಟ್ಟಿನಲ್ಲಿ ಹಸಿರು ಚುಕ್ಕೆ ಕಂಡರೆ ಕೆಟ್ಟಿದೆ ಎಂದು ಬಿಸಾಡಬೇಡಿ, ಅದು ಸೋಡಾದ ಕೆಲಸ.

ತಣ್ಣನೆಯ ಬೆಣ್ಣೆಯನ್ನು ಚಿಕ್ಕ ತುಂಡು ಮಾಡಿ ಹಿಟ್ಟಿಗೆ ಹಾಕಿ. ಬೆರಳ ತುದಿಯಲ್ಲಿ ಹೊಸಕುತ್ತಾ ಬೆರೆಸಿ. ಅಂಗೈ ಬಳಸಬೇಡಿ, ಅದರ ಬಿಸಿಗೆ ಬೆಣ್ಣೆ ಕರಗುತ್ತದೆ. ಬೆಣ್ಣೆಯನ್ನು ತುರಿಯುವ ಮಣೆಯಲ್ಲಿ ತುರಿದು ಹಾಕುವುದು ಇನ್ನೂ ಸಲೀಸು, ಬಿಸಿಲಿನ ದಿನಗಳಲ್ಲಿ ನಾನು ಮಾಡುವುದು ಹಾಗೇ. ಕೊನೆಗೆ ಹಿಟ್ಟು ಒರಟು ರವೆಯಂತೆ ಕಾಣಬೇಕು, ನಡುನಡುವೆ ಬಟಾಣಿ ಗಾತ್ರದ ಬೆಣ್ಣೆ ತುಂಡುಗಳು ಉಳಿದಿರಬೇಕು. ಆ ತುಂಡುಗಳು ಓವನ್‌ನಲ್ಲಿ ಕರಗಿದಾಗ ಅವುಗಳ ನೀರು ಹಬೆಯಾಗಿ ಹಿಟ್ಟನ್ನು ಎತ್ತುತ್ತದೆ. ಬೆಣ್ಣೆ ಮೊದಲೇ ಕರಗಿ ಹಿಟ್ಟಿನಲ್ಲಿ ಒಂದಾಗಿಬಿಟ್ಟರೆ ಹಗುರಾಗದೆ ಗಟ್ಟಿ ಮುದ್ದೆಯಾಗುತ್ತದೆ.

ಮೊಸರು ಮತ್ತು ಹಾಲನ್ನು ಕದಡಿ ಒಂದೇ ಸಲ ಸುರಿಯಿರಿ. ಫೋರ್ಕ್‌ನಲ್ಲಿ ಹತ್ತು ಹನ್ನೆರಡು ಸುತ್ತು ತಿರುಗಿಸಿ, ಸಾಕು. ಒಣ ಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಿ. ನಾದಬೇಡಿ. ನಾದಿದಷ್ಟೂ ಮೈದಾದಲ್ಲಿನ ಗ್ಲುಟೆನ್ ಎಂಬ ಅಂಟು ಬಲವಾಗಿ, ಬೆಂದ ಮೇಲೆ ರಬ್ಬರ್‌ನಂತೆ ಎಳೆಯುತ್ತದೆ. ಹಿಟ್ಟು ಕೈಗೆ ಅಂಟುವಷ್ಟು ಸಡಿಲ, ಮೇಲೆಲ್ಲ ಗಂಟುಗಂಟು ಇರಬೇಕು. ನೋಡಲು ಅರ್ಧ ಕಲಸಿ ಬಿಟ್ಟ ಹಾಗೆ ಕಾಣುತ್ತದೆ. ಅದೇ ಸರಿಯಾದ ಹದ.

ಕೂಡಿಸಿ ಬೇಯಿಸುವುದು

ಬಿಸಿ ಹಣ್ಣಿನ ಪಾತ್ರೆಯನ್ನು ಹುಷಾರಾಗಿ ಹೊರತೆಗೆದು ಒಮ್ಮೆ ತಿರುವಿ. ದೊಡ್ಡ ಚಮಚದಲ್ಲಿ ಹಿಟ್ಟನ್ನು ತೋಡಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಗಾತ್ರಕ್ಕೆ ಅಲ್ಲಲ್ಲಿ ಇಡಿ. ಎಂಟು ಅಥವಾ ಒಂಬತ್ತು ಉಂಡೆ ಆಗುತ್ತವೆ. ಮೇಲ್ಭಾಗ ನಯ ಮಾಡಬೇಡಿ, ಒರಟು ಏಣುಗಳೇ ಗರಿಗರಿಯಾಗುವುದು. ಹಣ್ಣನ್ನು ಪೂರ್ತಿ ಮುಚ್ಚಲೂ ಬೇಡಿ. ಉಂಡೆಗಳ ನಡುವೆ ಸಂದು ಇದ್ದರೆ ಹಬೆ ಅಲ್ಲಿಂದ ಹೊರಹೋಗುತ್ತದೆ, ರಸ ಬೇಗ ಗಟ್ಟಿಯಾಗುತ್ತದೆ. ಮುಚ್ಚಿಬಿಟ್ಟರೆ ಆ ನೀರೆಲ್ಲ ಒಳಗೇ ಉಳಿಯುತ್ತದೆ.

ಮೇಲೆ ಸ್ವಲ್ಪ ಹಾಲು ಸವರಿ ಒಂದು ಚಮಚ ದಪ್ಪ ಸಕ್ಕರೆ ಉದುರಿಸಿ. ಮತ್ತೆ 190 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಮೇಲೆ ಬೇಗ ಕಂದಾದರೆ ಅಲ್ಯೂಮಿನಿಯಂ ಫಾಯಿಲ್ ಅನ್ನು ಸಡಿಲವಾಗಿ ಹೊದಿಸಿ. ಒಳಗಿನ ಕೆಲಸ ಮುಗಿಯುವ ಮೊದಲು ಮಾತ್ರ ಪಾತ್ರೆಯನ್ನು ಓವನ್‌ನಿಂದ ತೆಗೆಯಬೇಡಿ.

ಬೆಂದಿದೆ ಎಂದು ತಿಳಿಯಲು ಬಣ್ಣವೊಂದನ್ನೇ ನಂಬಬೇಡಿ. ಗುಳ್ಳೆ ನೋಡಿ. ಮೊದಲು ಏಳುವ ಗುಳ್ಳೆ ತೆಳು, ನೊರೆನೊರೆ, ಚಟಚಟ ಒಡೆಯುತ್ತದೆ. ಕಾರ್ನ್‌ಫ್ಲೋರ್ ಬೆಂದ ಮೇಲೆ ಏಳುವ ಗುಳ್ಳೆ ದಪ್ಪ. ಅದು ನಿಧಾನವಾಗಿ ಎದ್ದು ಗುಳುಕ್ ಎಂದು ಒಡೆಯುತ್ತದೆ. ಅಂಚಿನಲ್ಲಷ್ಟೇ ಅಲ್ಲ, ಪಾತ್ರೆಯ ನಡುವಿನ ಸಂದಿಯಲ್ಲೂ ಅಂಥ ಗುಳ್ಳೆ ಬರಬೇಕು. ಕಾರ್ನ್‌ಫ್ಲೋರ್ ಪೂರ್ತಿ ಬಿರಿದು ರಸ ಹಿಡಿದುಕೊಳ್ಳಲು ಕುದಿಯ ಹತ್ತಿರದ ಬಿಸಿಯೇ ಬೇಕು. ನಡುವಿನ ಒಂದು ಉಂಡೆಯನ್ನು ಚಮಚದಲ್ಲಿ ಎತ್ತಿ ಅದರ ಹೊಟ್ಟೆ ನೋಡಿ. ಸ್ಪಂಜಿನಂತಿದ್ದರೆ ಆಯಿತು, ಅಂಟಂಟು ಇದ್ದರೆ ಇನ್ನೂ ಐದು ನಿಮಿಷ. ಅಡುಗೆಯ ಥರ್ಮಾಮೀಟರ್ ಇದ್ದರೆ ಉಂಡೆಯ ಒಳಗೆ 93 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು.

ಹೊರಗೆ ತೆಗೆದ ಮೇಲೆ 30ರಿಂದ 40 ನಿಮಿಷ ಮುಟ್ಟಬೇಡಿ. ಮನೆಯೆಲ್ಲ ಘಮಘಮ ಅನ್ನುವಾಗ ಕಾಯುವುದು ಕಷ್ಟ, ಗೊತ್ತು. ಆದರೆ ರಸ ಗಟ್ಟಿಯಾಗುವುದು ಆರುವಾಗ. ಓವನ್‌ನಿಂದ ತೆಗೆದ ಕೂಡಲೇ ಬಡಿಸಿದರೆ ಎಷ್ಟು ಚೆನ್ನಾಗಿ ಬೆಂದ ಕಾಬ್ಲರ್ ಕೂಡ ನೀರುನೀರು ಅನ್ನಿಸುತ್ತದೆ. ಬಾಯಿಯೂ ಸುಡುತ್ತದೆ, ಸಕ್ಕರೆ ಬೆರೆತ ರಸದ ಬಿಸಿ ಬೇಗ ಇಳಿಯುವುದಿಲ್ಲ. ಉಗುರುಬೆಚ್ಚಗಿರುವಾಗ ವೆನಿಲಾ ಐಸ್‌ಕ್ರೀಮ್ ಜೊತೆ, ಅಥವಾ ಸಕ್ಕರೆ ಹಾಕದ ಕ್ರೀಮ್ ಜೊತೆ ಕೊಡಿ.

ಇನ್ನೂ ಸುಲಭದ ದಾರಿ

ಬೆಣ್ಣೆ ಹೊಸಕುವುದೂ ಬೇಡ ಅನ್ನಿಸಿದ ದಿನಕ್ಕೆ ಸಡಿಲ ಹಿಟ್ಟಿನ ಕಾಬ್ಲರ್ ಇದೆ. ಇದು ಕೇಕ್‌ನ ಹತ್ತಿರ ಬರುತ್ತದೆ. ಓವನ್ 180 ಡಿಗ್ರಿಗೆ ಇಡಿ. 100 ಗ್ರಾಂ ಬೆಣ್ಣೆಯನ್ನು ಬೇಕಿಂಗ್ ಪಾತ್ರೆಗೇ ಹಾಕಿ ಓವನ್‌ನಲ್ಲಿ ಕರಗಿಸಿ. ಅಷ್ಟರಲ್ಲಿ ಮೈದಾ 125 ಗ್ರಾಂ, ಸಕ್ಕರೆ 150 ಗ್ರಾಂ, ಬೇಕಿಂಗ್ ಪೌಡರ್ 2 ಟೀ ಚಮಚ, ಉಪ್ಪು ಕಾಲು ಟೀ ಚಮಚ, ಹಾಲು 240 ಮಿಲಿ ಕದಡಿಕೊಳ್ಳಿ. ಕರಗಿದ ಬೆಣ್ಣೆಯ ಮೇಲೆ ಈ ಹಿಟ್ಟು ಸುರಿಯಿರಿ. ಅದರ ಮೇಲೆ ಅರ್ಧ ಕಿಲೋ ಹಣ್ಣನ್ನು ಹರಡಿ. ಎಲ್ಲೂ ಕಲಸಬೇಡಿ. ಬೆಣ್ಣೆ, ಹಿಟ್ಟು, ಹಣ್ಣು ಬೇರೆ ಬೇರೆಯಾಗಿ ವಿಚಿತ್ರವಾಗಿ ಕಂಡರೂ ಕೈ ಹಾಕಬೇಡಿ.

ಬೇಯುವಾಗ ಹಣ್ಣು ಕೆಳಗಿಳಿಯುತ್ತದೆ, ಹಿಟ್ಟು ಅದರ ಸುತ್ತ ಉಬ್ಬಿ ಮೇಲೇರುತ್ತದೆ. ಅಂಚಿನಲ್ಲಿ ಬೆಣ್ಣೆಗೆ ಹುರಿದಂತಾಗಿ ಗರಿಗರಿ, ನಡುವೆ ಮೆತ್ತಗೆ. 45ರಿಂದ 55 ನಿಮಿಷ ಬೇಕು. ಇಲ್ಲಿ ರಸವನ್ನು ಹಿಟ್ಟೇ ಹೀರಿಕೊಳ್ಳುವುದರಿಂದ ಕಾರ್ನ್‌ಫ್ಲೋರ್ ಬೇಡ. ಆದರೆ ಹಣ್ಣಿನ ರಸ ಹೆಚ್ಚಿದ್ದರೆ ಸೋಸಿಯೇ ಹಾಕಿ, ಇಲ್ಲದಿದ್ದರೆ ನಡುಭಾಗ ಬೇಯುವುದೇ ಇಲ್ಲ. ಒಳ್ಳೆಯ ಪೀಚ್ ಸಿಕ್ಕಾಗ ನಾನು ಮೊದಲಿನ ವಿಧಾನವನ್ನೇ ಹಿಡಿಯುತ್ತೇನೆ, ಅದರಲ್ಲಿ ಹಣ್ಣು ಹಣ್ಣಾಗಿಯೇ ಉಳಿಯುತ್ತದೆ. ಬೆರಿಹಣ್ಣಿಗೆ ಈ ವಿಧಾನ ಬಹಳ ಚೆನ್ನ.

ಓವನ್ ಇಲ್ಲದಿದ್ದರೆ? ದಪ್ಪ ತಳದ ಪಾತ್ರೆಯಲ್ಲಿ ಹಣ್ಣು, ಸಕ್ಕರೆ, ನಿಂಬೆರಸ ಹಾಕಿ ಒಲೆಯ ಮೇಲೆ ಕುದಿಸಿ. ಬಿಸ್ಕೆಟ್ ಹಿಟ್ಟನ್ನು ಚಿಕ್ಕ ಉಂಡೆಗಳಾಗಿ ಕುದಿಯುವ ರಸದ ಮೇಲೆ ಇಳಿಬಿಟ್ಟು, ಬಿಗಿಯಾಗಿ ಮುಚ್ಚಿ, ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಬಿಡಿ. ನಡುವೆ ಮುಚ್ಚಳ ತೆಗೆಯಬಾರದು, ಹಬೆ ಹೋದರೆ ಉಂಡೆ ಕುಸಿಯುತ್ತದೆ. ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದಲ್ಲಿ ಇದಕ್ಕೆ ಗ್ರಂಟ್, ಸ್ಲಂಪ್ ಎಂಬ ಹೆಸರುಗಳಿವೆ. ಕಂದು ಬಣ್ಣ, ಗರಿಗರಿ ಬರುವುದಿಲ್ಲ. ಹಬೆಯಲ್ಲಿ ಬೆಂದ ಬೇರೆಯೇ ಮೃದುತನ ಇರುತ್ತದೆ.

ಎಡವುವ ಜಾಗಗಳು

ಆರಿದ ಮೇಲೂ ರಸ ನೀರಾಗಿಯೇ ಇದ್ದರೆ ಸಾಮಾನ್ಯವಾಗಿ ನಡುಭಾಗ ಕುದಿದಿಲ್ಲ ಎಂದರ್ಥ. ಮತ್ತೆ ಓವನ್‌ಗೆ ಇಟ್ಟು, ಮೇಲೆ ಫಾಯಿಲ್ ಹೊದಿಸಿ, ದಪ್ಪ ಗುಳ್ಳೆ ಏಳುವವರೆಗೆ ಬೇಯಿಸಿ. ಎಷ್ಟೋ ಸಲ ಸರಿಹೋಗುತ್ತದೆ. ಕಾರ್ನ್‌ಫ್ಲೋರ್ ಅನ್ನು ಒಣಗಿದ್ದಂತೆಯೇ ಬಿಸಿ ರಸಕ್ಕೆ ಉದುರಿಸಲು ಮಾತ್ರ ಹೋಗಬೇಡಿ. ಗಂಟಾಗುತ್ತದೆ, ಆ ಗಂಟು ಕರಗುವುದಿಲ್ಲ.

ಮೇಲ್ಭಾಗ ಕಲ್ಲಿನಂತಾದರೆ ಹೆಚ್ಚು ಕಲಸಿದ್ದೀರಿ ಅಥವಾ ಬೆಣ್ಣೆ ಕರಗಿತ್ತು. ಉಬ್ಬಲೇ ಇಲ್ಲವೆಂದರೆ ಬೇಕಿಂಗ್ ಪೌಡರ್ ಹಳೆಯದು. ಹಣ್ಣು ಸಪ್ಪೆ ಅನ್ನಿಸಿದರೆ ಮುಂದಿನ ಸಲ ಸಕ್ಕರೆ ಏರಿಸುವ ಮೊದಲು ನಿಂಬೆ ಏರಿಸಿ ನೋಡಿ, ಹುಳಿ ಬಂದರೆ ಸಿಹಿಯೂ ಎದ್ದು ಕಾಣುತ್ತದೆ.

ಫ್ರೀಜರ್‌ನ ಹಣ್ಣು ಬಳಸುವುದಾದರೆ ಕರಗಿಸಬೇಡಿ. ಕರಗಿದಾಗ ಹಣ್ಣಿನ ಜೀವಕೋಶಗಳು ಒಡೆದಿರುವುದರಿಂದ ರಸವೆಲ್ಲ ಹರಿದುಬಿಡುತ್ತದೆ. ಗಟ್ಟಿಯಾಗಿರುವಾಗಲೇ ಸಕ್ಕರೆ, ಕಾರ್ನ್‌ಫ್ಲೋರ್ ಒಟ್ಟಿಗೆ ಬೆರೆಸಿ ಹಣ್ಣಿಗೆ ಹೊರಳಿಸಿ. ಕಾರ್ನ್‌ಫ್ಲೋರ್ ಒಂದು ದೊಡ್ಡ ಚಮಚ ಹೆಚ್ಚಿಗೆ, ಹಣ್ಣನ್ನು ಒಂಟಿಯಾಗಿ ಬೇಯಿಸುವ ಸಮಯ 10ರಿಂದ 15 ನಿಮಿಷ ಹೆಚ್ಚಿಗೆ. ಡಬ್ಬಿಯ ಪೀಚ್ ಆದರೆ ಪಾಕವನ್ನು ಪೂರ್ತಿ ಬಸಿದು, ಸಕ್ಕರೆಯನ್ನು ಅರ್ಧಕ್ಕಿಂತ ಕೆಳಗಿಳಿಸಿ.

ಮುಂಚೆಯೇ ಸಿದ್ಧತೆ ಮಾಡಿಕೊಳ್ಳಬೇಕಾದರೆ ಒಣ ಹಿಟ್ಟಿಗೆ ಬೆಣ್ಣೆ ಬೆರೆಸಿ ಫ್ರಿಜ್‌ನಲ್ಲಿಡಿ, ಒಂದು ದಿನ ಚೆನ್ನಾಗಿರುತ್ತದೆ. ಮೊಸರು ಸೇರಿಸುವುದು ಓವನ್‌ಗೆ ಇಡುವ ಹೊತ್ತಿಗೇ ಆಗಲಿ.

ಉಳಿದದ್ದನ್ನು ಎರಡು ಗಂಟೆಯೊಳಗೆ ಮುಚ್ಚಿ ಫ್ರಿಜ್‌ನಲ್ಲಿಡಿ. ಮೂರು ದಿನದೊಳಗೆ ತಿಂದು ಮುಗಿಸಿ. ದಿನ ಕಳೆದಂತೆ ಹಿಟ್ಟು ರಸ ಹೀರಿ ಮೆತ್ತಗಾಗುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಇನ್ನೂ ಮೆತ್ತಗೆ. 175 ಡಿಗ್ರಿಯ ಓವನ್‌ನಲ್ಲಿ, ಮುಚ್ಚದೆ, 15 ನಿಮಿಷ ಇಟ್ಟರೆ ಮೇಲಿನ ಗರಿಗರಿ ಬಹುಮಟ್ಟಿಗೆ ವಾಪಸ್ ಬರುತ್ತದೆ. ಗಾಜಿನ ಪಾತ್ರೆಯಲ್ಲಿಟ್ಟಿದ್ದರೆ ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ಹೊರಗೆ ತೆಗೆದಿಡಿ.